ದಿನ ತುಂಬಿದ ಬಸುರಿ ಮನೇಲಿದ್ರೆ: ಸುಳ್ಳು ನೋವು ಯಾವ್ದು, ನಿಜವಾದ ನೋವು ಯಾವ್ದು, ಆಸ್ಪತ್ರೆಗೆ ಯಾವಾಗ ಹೊರಡ್ಬೇಕು

ಹೋದ ಬೇಸಿಗೇಲಿ ಒಂದಿನ ರಾತ್ರಿ ಎರಡು ಗಂಟೆಗೆ ನನ್ ತಂಗಿ ಫೋನ್ ಮಾಡಿದ್ಲು. ಮೊದಲನೇ ಹೆರಿಗೆ, ಕುಬುಸ ಮುಗಿಸ್ಕೊಂಡು ತವರಿಗೆ ಬಂದಿದ್ಲು, ನಮ್ ತವರು ಜಗಳೂರು ಕಡೆ ಒಂದು ಹಳ್ಳಿ, ನಾನು ಇರೋದು ದಾವಣಗೆರೇಲಿ. ಅವಳಿಗೆ ಆಗ 37 ವಾರ ತುಂಬಿತ್ತು. "ಅಕ್ಕ, ಹೊಟ್ಟೆ ಕಲ್ಲಾದಂಗೆ ಆಗಿ ಆಗಿ ಬಿಡ್ತೈತಿ, ಇದು ಬ್ಯಾನಿನಾ ಏನು?" ಅಂತ ಕೇಳ್ತಾಳೆ, ಹಿಂದೆ ಅಪ್ಪ ಗಾಡಿ ಹೇಳ್ತೀನಿ ಅಂತಾರೆ, ಅವ್ವ ಬೆಳಗಾಗ್ಲಿ ತಡೀರಿ ಅಂತಾಳೆ, ಪಕ್ಕದ ಮನೆ ದೊಡ್ಡವ್ವ ಎದ್ದು ಬಂದು ಜೀರಿಗೆ ನೀರು ಕಾಸಿ ಕೊಡ್ರಿ ಅಂತಾಳೆ. ಮೂರು ಜನ ಮೂರು ಮಾತು, ನಡುವೆ ಅವಳು ಹೆದರಿ ಕೂತಿದ್ದಾಳೆ.

ನಾನು ಹೇಳಿದ್ದು ಇಷ್ಟೇ, ಎರಡು ಲೋಟ ನೀರು ಕುಡಿ, ಒಂದ್ಸಲ ಬಾತ್‌ರೂಮಿಗೆ ಹೋಗ್ಬಾ, ಎಡಗಡೆ ಮಗ್ಗಲಿಗೆ ಮಲ್ಕೋ, ಕೂಸು ಮಿಸುಕಾಡ್ತೈತಾ ನೋಡು, ಹೊಟ್ಟೆ ಗಟ್ಟಿಯಾದಾಗೆಲ್ಲ ಗಡಿಯಾರ ನೋಡಿ ಬರ್ಕೋ, ಒಂದು ಗಂಟೆ ಆದ್ಮೇಲೆ ನನಗೆ ಫೋನ್ ಮಾಡು, ಅಷ್ಟ್ರೊಳಗೆ ನೀರು ಹೋದ್ರೆ ರಕ್ತ ಕಂಡ್ರೆ ಕಾಯಬೇಡ. ಒಂದು ಗಂಟೆ ಬಿಟ್ಟು ಫೋನ್ ಮಾಡಿದ್ರೆ ಗೊರಕೆ ಹೊಡೀತಿದ್ಲಂತೆ, ಅವ್ವನೇ ಎತ್ತಿದ್ಲು. ಅವತ್ತು ಬಂದಿದ್ದು ಸುಳ್ಳು ನೋವು. ಹನ್ನೊಂದು ದಿನ ಬಿಟ್ಟು ನಿಜವಾದದ್ದು ಬಂತು, ಆದ್ರೆ ನೋವಿನ ರೂಪದಲ್ಲಿ ಅಲ್ಲ, ಅದನ್ನ ಮುಂದೆ ಹೇಳ್ತೀನಿ.

ನಾನು ಡಾಕ್ಟ್ರು ಅಲ್ಲ, ಎರಡು ಮಕ್ಕಳ ತಾಯಿ, ಎರಡನೇ ಸಲ ಕೂದಲೆಳೆಯಲ್ಲಿ ಪಾರಾದವಳು. ಆಮೇಲಿಂದ ಚೆಕಪ್‌ಗೆ ಹೋದಾಗೆಲ್ಲ ಡಾಕ್ಟ್ರಮ್ಮನಿಗೆ, ನಮ್ ಏರಿಯಾ ಆಶಾ ಅಕ್ಕನಿಗೆ ಕೇಳಿ ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ. 36 ವಾರ ದಾಟಿದವರು ಒಬ್ಬರೇ ಓದ್ಬೇಡಿ, ಮನೇಲಿ ಇರೋ ಅವ್ವನೋ ಅತ್ತೆನೋ ಗಂಡನೋ ಅವರಿಗೂ ಓದಿ ಹೇಳಿ, ಯಾಕಂದ್ರೆ ನೋವು ಶುರುವಾದಾಗ ನಿರ್ಧಾರ ಮಾಡೋರು ಅವ್ರೇ ಆಗಿರ್ತಾರೆ.

ಮೊದಲು ತಾರೀಕಿನ ಲೆಕ್ಕ

ತಾಯಿ ಕಾರ್ಡ್ ತೆಗೀರಿ, ಅದ್ರಲ್ಲಿ ಹೆರಿಗೆ ದಿನಾಂಕ ಅಂತ ಬರೆದಿರ್ತಾರೆ. ಆ ಲೆಕ್ಕ ಹಾಕೋದು ಕೊನೇ ಸಲ ಮುಟ್ಟಾದ ಮೊದಲನೇ ದಿನದಿಂದ, ಅದಕ್ಕೆ 9 ತಿಂಗಳು 7 ದಿನ ಸೇರಿಸಿದ್ರೆ ಬರುತ್ತೆ, ಅಂದ್ರೆ 280 ದಿನ, 40 ವಾರ. ಜೂನ್ 10ಕ್ಕೆ ಮುಟ್ಟಾಗಿದ್ರೆ ಮಾರ್ಚ್ 17. ನಮ್ ಕಡೆ ಹಳ್ಳಿಗಳಲ್ಲಿ "ಉಗಾದಿ ಮುಂಚೆ ವಾರ ಆಗಿದ್ದೆ" ಅಂತ ಹಬ್ಬದ ಮೇಲೆ ನೆನಪಿಟ್ಕೊಂಡಿರ್ತಾರೆ, ಅದೂ ತಪ್ಪಲ್ಲ, ಆದ್ರೆ ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಇದ್ರೆ ಅದ್ರಲ್ಲಿರೋ ತಾರೀಕು ಜಾಸ್ತಿ ನಂಬಿಕೆ. ಒಂಬತ್ತನೇ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಲ್ಲಿ ಬೇರೆ ತಾರೀಕು ಬಂತು ಅಂತ ಗಾಬರಿ ಆಗ್ಬೇಡಿ, ಅದು ಕೂಸಿನ ಸೈಜ್ ನೋಡಿ ಹೇಳಿದ್ದು, ಹೆಚ್ಚು ಕಮ್ಮಿ ಆಗುತ್ತೆ.

ಇನ್ನೊಂದು ಮಾತು, ಆ ತಾರೀಕಿಗೇ ಸರಿಯಾಗಿ ಹುಟ್ಟೋ ಕೂಸುಗಳು ನೂರಕ್ಕೆ ನಾಲ್ಕೋ ಐದೋ ಅಷ್ಟೇ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದ್ರೂ ಆಗ್ಬಹುದು. ಅದಕ್ಕೇ ಕ್ಯಾಲೆಂಡರ್ ನೋಡ್ಕೊಂಡು ಕೂರೋದಲ್ಲ, ಮೈ ನೋಡ್ಕೋಬೇಕು. ಎರಡು ಗೆರೆ ಮಾತ್ರ ಮರೀಬೇಡಿ. 37 ವಾರಕ್ಕೆ ಮುಂಚೆ ಈ ಲೇಖನದಲ್ಲಿರೋ ಯಾವ ಲಕ್ಷಣ ಕಂಡ್ರೂ, ನೋವು ಬಿಟ್ಟು ಬಿಟ್ಟು ಬರ್ತಿದ್ರೂ, ನೀರು ಹೋದ್ರೂ, ಸೊಂಟ ಒಂದೇ ಸಮ ಎಳೀತಿದ್ರೂ ಮನೇಲಿ ಕಾದು ನೋಡೋ ಹಂಗೇ ಇಲ್ಲ, ಆಗ್ಲೇ ಹೊರಡ್ಬೇಕು, ದಿನ ತುಂಬದ ಕೂಸಿಗೆ ಬೇಕಾದ ಇಂಜೆಕ್ಷನ್ನು ವ್ಯವಸ್ಥೆ ಎಲ್ಲ ಆಸ್ಪತ್ರೇಲೇ ಇರೋದು. ಮತ್ತೆ 40 ದಾಟಿ 41ನೇ ವಾರ ಬಂದ್ರೆ "ಬರ್ತೈತಿ ಬಿಡು ತಾನಾಗೇ" ಅಂತ ಸುಮ್ನೆ ಇರ್ಬೇಡಿ, ತೋರಿಸ್ಕೊಂಡು ಬನ್ನಿ.

ಹೊಟ್ಟೆ ಇಳಿಯೋದು

"ಹೊಟ್ಟೆ ಇಳದೈತಿ ನೋಡು" ಅಂತ ಹೆಂಗಸ್ರು ದೂರದಿಂದ್ಲೇ ನೋಡಿ ಹೇಳ್ತಾರಲ್ಲ, ಅದು ನಿಜ. ಕೂಸಿನ ತಲೆ ಸೊಂಟದ ಮೂಳೆಗಳ ನಡುವೆ ಇಳಿದು ಕೂರುತ್ತೆ. ಆಗ ಏನಾಗುತ್ತೆ ಅಂದ್ರೆ ಎದೆ ಹತ್ರ ಜಾಗ ಸಿಕ್ಕಿ ಉಸಿರು ಸರಾಗ ಆಗುತ್ತೆ, ಎದೆ ಉರಿ ಕಮ್ಮಿ ಆಗುತ್ತೆ, ಎರಡು ತುತ್ತು ಜಾಸ್ತಿ ಊಟ ಸೇರುತ್ತೆ, ಆದ್ರೆ ಕೆಳಗಡೆ ಭಾರ ಜಾಸ್ತಿ, ಗಂಟೆಗೊಂದ್ಸಲ ಒಂದಕ್ಕೆ ಹೋಗ್ಬೇಕು, ತೊಡೆ ಸಂದೀಲಿ ಒಮ್ಮೊಮ್ಮೆ ಕರೆಂಟ್ ಹೊಡೆದಂಗೆ ಚುಳಕ್ ಅನ್ನುತ್ತೆ, ನಡಿಗೆ ಕಾಲು ಅಗಲಿಸಿ ನಡೆಯೋ ಹಂಗಾಗುತ್ತೆ.

ಮೊದಲನೇ ಬಸುರಲ್ಲಿ ಇದು ಹೆರಿಗೆಗೆ ಎರಡು ವಾರ ನಾಲ್ಕು ವಾರ ಮುಂಚೇನೇ ಆಗ್ಬಹುದು, ಆದ್ರಿಂದ ಹೊಟ್ಟೆ ಇಳೀತು ಅಂತ ಅವತ್ತೇ ಬ್ಯಾಗ್ ಹಿಡ್ಕೊಂಡು ಓಡೋದು ಬೇಡ. ಎರಡನೇ ಮೂರನೇ ಹೆರಿಗೆ ಆದ್ರೆ ಎಷ್ಟೋ ಜನಕ್ಕೆ ನೋವು ಬರೋವರೆಗೂ ಇಳಿಯೋದೇ ಇಲ್ಲ, ಇನ್ನೂ ಮೇಲೇ ಐತಿ ಅಂತ ಧೈರ್ಯವಾಗಿ ಕೂರೋದೂ ಬೇಡ.

ಈ ಟೈಮಲ್ಲಿ ಸಣ್ಣ ಪುಟ್ಟ ಬೇರೆವೂ ಆಗ್ತಿರ್ತವೆ, ಸೊಂಟ ನೋವು, ಒಂದೆರಡು ಸಲ ತೆಳ್ಳಗೆ ಬೇಧಿ, ನಿದ್ದೆ ಬರ್ದಿರೋದು, ಇದ್ದಕ್ಕಿದ್ದಂಗೆ ಮನೆಯೆಲ್ಲ ಗುಡಿಸಿ ಡಬ್ಬಿ ತೊಳೆದು ಜೋಡಿಸ್ಬೇಕು ಅನ್ನಿಸೋದು. ಇವು ಬಂದ್ರೆ ಹತ್ರ ಬಂತು ಅನ್ಕೋಬಹುದು, ಬರ್ಲಿಲ್ಲ ಅಂದ್ರೆ ಏನೂ ಅಲ್ಲ, ಇದ್ರ ಮೇಲೆ ಲೆಕ್ಕ ಹಾಕೋಕೆ ಹೋಗ್ಬೇಡಿ.

ಲೋಳೆ, ಕಲೆ, ರಕ್ತ: ಮೂರೂ ಬೇರೆ ಬೇರೆ

ಗರ್ಭಕೋಶದ ಬಾಯಿಗೆ ಇಡೀ ಒಂಬತ್ತು ತಿಂಗಳು ಬಿರಡೆ ಹಾಕಿದಂಗೆ ಗಟ್ಟಿ ಲೋಳೆ ಇರುತ್ತೆ. ಬಾಯಿ ಮೆತ್ತಗಾಗಿ ತೆರೆಯೋಕೆ ಶುರುವಾದಾಗ ಅದು ಜಾರಿ ಬರುತ್ತೆ, ಒಮ್ಮೆಲೇ ಗಟ್ಟಿಯಾಗಿ ಬರ್ಬಹುದು, ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಬರ್ಬಹುದು, ಬಣ್ಣ ಬಿಳಿ, ಇಲ್ಲ ತಿಳಿ ಗುಲಾಬಿ, ಇಲ್ಲ ಕಂದು ಎಳೆ ಎಳೆ. ಇದು ಕಂಡ್ರೆ ದಾರಿ ತೆರೀತಿದೆ ಅಂತ ಅರ್ಥ, ಆದ್ರೆ ನೋವು ಅವತ್ತೇ ರಾತ್ರಿ ಬರ್ಬಹುದು, ವಾರ ಬಿಟ್ಟೂ ಬರ್ಬಹುದು. ಡಾಕ್ಟ್ರು ಒಳಗೆ ಕೈ ಹಾಕಿ ಪರೀಕ್ಷೆ ಮಾಡಿದ ದಿನಾನೂ ಸ್ವಲ್ಪ ಕಲೆ ಕಾಣ್ಬಹುದು.

ಮುಟ್ಟಿನ ಥರ ಕೆಂಪು ರಕ್ತ ಹೋದ್ರೆ ಅದು ಇದಲ್ಲ. ಪ್ಯಾಡ್ ಒದ್ದೆ ಆಗೋ ಹಂಗೆ ರಕ್ತ, ಗಡ್ಡೆ ಗಡ್ಡೆ ರಕ್ತ, ನೋವಿದ್ರೂ ಸರಿ ಇಲ್ದಿದ್ರೂ ಸರಿ, ಅದು ಮಾಸು ಕೆಳಗಿರೋದ್ರಿಂದ ಇರ್ಬಹುದು ಇಲ್ಲ ಮಾಸು ಬಿಟ್ಕೊಳ್ತಿರಬಹುದು, ಎರಡೂ ತಾಯಿ ಕೂಸು ಇಬ್ರಿಗೂ ಅಪಾಯ. ಮಾಸು ಬಿಡುವಾಗ ಕೆಲವು ಸಲ ರಕ್ತ ಒಳಗೇ ನಿಂತು ಹೊರಗೆ ಕಾಣೋದೇ ಇಲ್ಲ, ಹೊಟ್ಟೆ ಮಾತ್ರ ಹಲಗೆ ಥರ ಗಟ್ಟಿಯಾಗಿ ಬಿಡೋದೇ ಇಲ್ಲ, ನೋವು ಬಿಡುವು ಕೊಡೋದೇ ಇಲ್ಲ. ಹೆರಿಗೆ ನೋವು ಬಂದು ಹೋಗುತ್ತೆ, ನಡುವೆ ಉಸಿರು ಬಿಡೋಕೆ ಟೈಮ್ ಕೊಡುತ್ತೆ. ಬಿಡುವೇ ಇಲ್ದಿರೋ ನೋವು ಅಂದ್ರೆ ತಕ್ಷಣ 108.

ಸುಳ್ಳು ನೋವು, ನಿಜ ನೋವು

ಹೆಚ್ಚು ಜನ ಒದ್ದಾಡೋದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಸುಳ್ಳು ನೋವು ಅಂದ್ರೆ ನೋವೇ ಇಲ್ಲ ಅಂತಲ್ಲ. ಗರ್ಭಕೋಶ ನಿಜವಾಗ್ಲೂ ಬಿಗಿಯಾಗುತ್ತೆ, ಬಾಯಿ ಮಾತ್ರ ತೆರೆಯೋಲ್ಲ. ಡಾಕ್ಟ್ರುಗಳು ಇದನ್ನ ಬ್ರಾಕ್ಸ್‌ಟನ್ ಹಿಕ್ಸ್ ಅಂತಾರೆ, 1872ರಲ್ಲಿ ಇದ್ರ ಬಗ್ಗೆ ಬರೆದ ಇಂಗ್ಲೆಂಡಿನ ಡಾಕ್ಟ್ರ ಹೆಸರು ಅದು. ನೀರು ಕಮ್ಮಿ ಕುಡಿದಾಗ, ಮೂತ್ರ ತುಂಬ್ಕೊಂಡಿದ್ದಾಗ, ದಿನವಿಡೀ ನಿಂತು ಕೆಲಸ ಮಾಡಿದಾಗ ಜಾಸ್ತಿ ಬರುತ್ತೆ. ನಮ್ ಕಡೆ ಬಿಸಿಲು ಗೊತ್ತಲ್ಲ, ಏಪ್ರಿಲ್ ಮೇ ತಿಂಗಳಲ್ಲಿ ದಾವಣಗೆರೆ ಚಿತ್ರದುರ್ಗದ ಕಡೆ ಮಧ್ಯಾಹ್ನ ಹೊರಗೆ ಕಾಲಿಡೋಕಾಗಲ್ಲ, ಬಸುರಿ ಹೆಣ್ಣುಮಕ್ಕಳು ಪದೇ ಪದೇ ಏಳ್ಬೇಕಾಗುತ್ತೆ ಅಂತ ನೀರು ಕುಡಿಯೋದೇ ಕಮ್ಮಿ ಮಾಡ್ತಾರೆ, ಸಂಜೆ ಹೊತ್ತಿಗೆ ಹೊಟ್ಟೆ ಬಿಗಿ ಶುರು. ನನ್ ತಂಗಿಗೂ ಅವತ್ತು ಆಗಿದ್ದು ಅದೇ, ಹಗಲೆಲ್ಲ ಶೇಂಗಾ ಬಿಡಿಸ್ತಾ ಕೂತಿದ್ಲಂತೆ, ನೀರು ಕುಡಿದಿದ್ದು ಎರಡೇ ಲೋಟ.

ಹೆಂಗೆ ನೋಡ್ಬೇಕು ಅಂದ್ರೆ, ಮೊದಲು ಹೊಟ್ಟೆ ಮೇಲೆ ಹೊಕ್ಕಳಿಗಿಂತ ಸ್ವಲ್ಪ ಮೇಲೆ ಅಂಗೈ ಇಡಿ. ಬಿಗಿಯಾದಾಗ ಬೆರಳಲ್ಲಿ ಒತ್ತಿ ನೋಡಿ. ಮೂಗಿನ ತುದಿ ಒತ್ತಿದ್ರೆ ಹೆಂಗಿರುತ್ತೋ ಹಂಗಿದ್ರೆ ಇನ್ನೂ ಹಗುರ ನೋವು, ಗದ್ದ ಒತ್ತಿದಂಗಿದ್ರೆ ಮಧ್ಯಮ, ಹಣೆ ಒತ್ತಿದಂಗೆ ಗಟ್ಟಿ ಇದ್ರೆ ಜೋರು ನೋವು. ಇದನ್ನ ನರ್ಸಿಂಗ್ ಓದೋ ಮಕ್ಕಳಿಗೆ ಹೇಳಿಕೊಡ್ತಾರೆ, ಯಾವ ಮೆಷಿನ್ನೂ ಬೇಡ, ಅವ್ವನ ಕೈ ಸಾಕು.

ಎರಡನೇದು ಟೈಮ್. ಒಂದು ನೋವು ಶುರುವಾದ ನಿಮಿಷದಿಂದ ಮುಂದಿನ ನೋವು ಶುರುವಾಗೋ ನಿಮಿಷಕ್ಕೆ ಲೆಕ್ಕ, ಮುಗಿದ ಮೇಲಿಂದ ಅಲ್ಲ, ಇಲ್ಲೇ ಸುಮಾರು ಜನ ತಪ್ಪು ಮಾಡೋದು. ಪ್ರತಿ ನೋವು ಎಷ್ಟು ಸೆಕೆಂಡ್ ಇತ್ತು ಅನ್ನೋದನ್ನೂ ಪಕ್ಕದಲ್ಲಿ ಬರೀರಿ. ಮೊಬೈಲಲ್ಲಿ ಬರೆದ್ರೂ ಆಯ್ತು, ಗೋಡೆ ಕ್ಯಾಲೆಂಡರ್ ಹಿಂದೆ ಬರೆದ್ರೂ ಆಯ್ತು. ತಂಗಿ ಅವತ್ತು ಬರೆದಿದ್ದು 2:10, 2:31, 2:39, 3:05, ಆಮೇಲೆ ಏನೂ ಇಲ್ಲ, ನಿದ್ದೆ. ಅಂತರ ಒಂದಕ್ಕೊಂದು ಸಂಬಂಧ ಇಲ್ಲ, ಇಪ್ಪತ್ತೊಂದು, ಎಂಟು, ಇಪ್ಪತ್ತಾರು. ನಿಜವಾದ ನೋವು ಹಂಗಲ್ಲ, ನನ್ ಮೊದಲನೇ ಹೆರಿಗೇಲಿ ನಮ್ಮನೆಯವರು ಬರೆದ ಚೀಟಿ ಇನ್ನೂ ಇಟ್ಕೊಂಡಿದ್ದೀನಿ, 4:00, 4:11, 4:21, 4:30, 4:38, 4:46, ಅಂತರ ಕಮ್ಮಿ ಆಗ್ತಾ ಹೋಗುತ್ತೆ, 30 ಸೆಕೆಂಡ್ ಇದ್ದ ನೋವು 45 ಆಗಿ 60 ಆಗುತ್ತೆ.

ಮೂರನೇದು, ಜಾಗ ಬದಲಿಸಿ ನೋಡಿ. ಕೂತಿದ್ರೆ ಓಡಾಡಿ, ಓಡಾಡ್ತಿದ್ರೆ ಎಡಕ್ಕೆ ಮಲಗಿ, ನೀರು ಕುಡೀರಿ, ಬೆಚ್ಚಗೆ ಮೈಮೇಲೆ ನೀರು ಹಾಕ್ಕೊಳ್ಳಿ. ಸುಳ್ಳು ನೋವು ಅರ್ಧ ಮುಕ್ಕಾಲು ಗಂಟೇಲಿ ಸಡಿಲ ಆಗುತ್ತೆ. ನಿಜವಾದದ್ದು ಏನ್ ಮಾಡಿದ್ರೂ ನಿಲ್ಲಲ್ಲ, ನಡೆದ್ರೆ ಇನ್ನೂ ಜೋರಾಗುತ್ತೆ. ಸುಳ್ಳು ನೋವು ಹೆಚ್ಚಾಗಿ ಹೊಟ್ಟೆ ಮುಂದೆ ಮಾತ್ರ ಇರುತ್ತೆ, ನಿಜವಾದ್ದು ಸುಮಾರು ಜನಕ್ಕೆ ಸೊಂಟದ ಹಿಂದಿನಿಂದ ಎದ್ದು ಎರಡೂ ಪಕ್ಕ ಸುತ್ಕೊಂಡು ಮುಂದೆ ಕಿಬ್ಬೊಟ್ಟೆಗೆ ಬರುತ್ತೆ, ಕೆಲವರಿಗೆ ತೊಡೆವರೆಗೂ ಇಳಿಯುತ್ತೆ. ನೋವು ಬಂದಾಗ ಮಾತಾಡ್ತಿದ್ದೋರು ಮಾತು ನಿಲ್ಸಿ ಗೋಡೆ ಹಿಡ್ಕೊಂಡ್ರು ಅಂದ್ರೆ ಅದು ನಿಜವಾದ ನೋವೇ, ನಮ್ಮಜ್ಜಿ ಇದನ್ನೇ ನೋಡಿ ಹೇಳ್ತಿದ್ಲು.

ಯಾವಾಗ ಹೊರಡ್ಬೇಕು

ಪುಸ್ತಕದ ಲೆಕ್ಕ ಏನಂದ್ರೆ ಮೊದಲನೇ ಹೆರಿಗೇಲಿ 5 ನಿಮಿಷಕ್ಕೊಂದು ನೋವು, ಒಂದೊಂದು 1 ನಿಮಿಷ, ಹಿಂಗೇ 1 ಗಂಟೆ ನಡೆದ್ರೆ ಆಸ್ಪತ್ರೆಗೆ ಹೋಗಿ ಅಂತ. ದಾವಣಗೆರೆ ಊರೊಳಗೆ ಇದ್ದು ಹತ್ತು ನಿಮಿಷಕ್ಕೆ ಆಸ್ಪತ್ರೆ ಸಿಗುತ್ತೆ ಅನ್ನೋರಿಗೆ ಈ ಲೆಕ್ಕ ಸರಿ. ಆದ್ರೆ ಜಗಳೂರಿನ ಆಚೆ ಹಳ್ಳಿ, ಮೊಳಕಾಲ್ಮೂರು ಕಡೆ, ಹೊಸದುರ್ಗದ ಒಳಗಿನ ಊರುಗಳು, ಚನ್ನಗಿರಿ ನ್ಯಾಮತಿ ಕಡೆ ತೋಟದ ಮನೆಗಳು, ಅಲ್ಲಿಂದ ಸಿಜೇರಿಯನ್ ಮಾಡೋ ಆಸ್ಪತ್ರೆ ಮುಟ್ಟೋಕೆ ಗಂಟೆ ಮೇಲಾಗುತ್ತೆ, ರಾತ್ರಿ ಗಾಡಿ ಸಿಗೋಕೇ ಅರ್ಧ ಗಂಟೆ. ಅಂಥವರು 5 ನಿಮಿಷಕ್ಕೆ ಬರ್ಲಿ ಅಂತ ಕಾಯೋದು ಬೇಡವೇ ಬೇಡ, 10 ನಿಮಿಷಕ್ಕೊಂದು ಹಂಗೆ ಲೆಕ್ಕ ತಪ್ಪದೆ ಬರ್ತಿದ್ರೆ ಹೊರಡಿ.

ಎರಡನೇ ಹೆರಿಗೆ ಮೂರನೇ ಹೆರಿಗೆ ಬೇಗ ಆಗುತ್ತೆ, ಮೊದಲನೇದಕ್ಕೆ ಹನ್ನೆರಡು ಗಂಟೆ ಹಿಡೀತು ಅಂತ ಎರಡನೇದಕ್ಕೂ ಅಷ್ಟೇ ಅನ್ಕೊಂಡು ಒಲೆ ಮುಂದೆ ಕೂತ್ರೆ ದಾರೀಲೇ ಆಗುತ್ತೆ. ಮತ್ತೆ ಹಿಂದೆ ಸಿಜೇರಿಯನ್ ಆಗಿರೋರು, ಅವಳಿ ಇರೋರು, ಕೂಸು ಅಡ್ಡ ಇಲ್ಲ ಕುಂಡಿ ಕೆಳಗಿದೆ ಅಂತ ಹೇಳಿಸ್ಕೊಂಡಿರೋರು, ಬಿಪಿ ಶುಗರ್ ಇರೋರು, ರಕ್ತ (ಹಿಮೋಗ್ಲೋಬಿನ್) 7ಕ್ಕಿಂತ ಕಮ್ಮಿ ಇದೆ ಅಂತ ಕಾರ್ಡಲ್ಲಿ ಬರೆಸ್ಕೊಂಡಿರೋರು, ಇವರಿಗೆ ಟೈಮ್ ಲೆಕ್ಕಾನೇ ಇಲ್ಲ, ನೋವು ಅನ್ನಿಸಿದ ಕೂಡ್ಲೇ ಹೊರಡೋದು.

ಅಮಾವಾಸ್ಯೆ ವಿಚಾರ ಹೇಳ್ಲೇಬೇಕು. ಅಮಾವಾಸ್ಯೆ ಕಳೀಲಿ, ಬೆಳಕಾಗ್ಲಿ, ರಾಹುಕಾಲ ಮುಗೀಲಿ ಅಂತ ಬಾಗ್ಲಲ್ಲಿ ನಿಲ್ಸೋ ಮನೆಗಳು ಇನ್ನೂ ಅವೆ. ಹಿರೇರ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಗರ್ಭಕೋಶಕ್ಕೆ ಪಂಚಾಂಗ ಗೊತ್ತಿಲ್ಲ. ದೇವ್ರಿಗೆ ಕೈ ಮುಗಿಯೋದು ಬೇಕಾದ್ರೆ ಗಾಡೀಲಿ ಕೂತೇ ಮುಗೀಬಹುದು. ಹಂಗೇ ಕೆಲವು ಹಟ್ಟಿಗಳಲ್ಲಿ ಹೆರಿಗೆ ಅಂದ್ರೆ ಸೂತಕ ಅಂತ ಹೆಣ್ಣುಮಗಳನ್ನ ಊರ ಹೊರಗೆ ಗುಡ್ಲಲ್ಲಿ ಇರಿಸೋದು ನಮ್ ಸೀಮೇಲಿ ಇನ್ನೂ ಪೂರ್ತಿ ನಿಂತಿಲ್ಲ, ಅಂಥ ಕಡೆ ಇರೋರು ದಿನ ತುಂಬೋ ಮುಂಚೆನೇ ಆಶಾ ಅಕ್ಕನ ಹತ್ರ ಮಾತಾಡಿ ಆಸ್ಪತ್ರೆ ಹತ್ರ ಇರೋ ನೆಂಟರ ಮನೇಲಿ ಉಳ್ಕೊಳ್ಳಿ, ನೋವು ಬಂದ ರಾತ್ರಿ ಗುಡ್ಲಲ್ಲಿ ಒಬ್ಬಳೇ ಇರೋ ಪರಿಸ್ಥಿತಿ ಯಾರಿಗೂ ಬೇಡ.

ನೀರು ಹೋಗೋದು

ತಂಗಿಗೆ ಹನ್ನೊಂದು ದಿನ ಬಿಟ್ಟು ಬಂದಿದ್ದು ಇದು. ಬೆಳಗ್ಗೆ ರೊಟ್ಟಿ ತಟ್ಟೋಕೆ ಕೂತಿದ್ದವಳು ಎದ್ದಾಗ ಸೀರೆ ಒದ್ದೆ. ನೋವು ಒಂದಿಷ್ಟೂ ಇಲ್ಲ. ಅವ್ವ "ಕೂಸು ಒತ್ತಿದ್ದಕ್ಕೆ ಒಂದ ಹೋಗಿರ್ಬೇಕು ಬಿಡು" ಅಂದ್ಲಂತೆ, ಅದು ಆಗೋದೂ ಉಂಟು, ಅದಕ್ಕೇ ಗುರ್ತು ಹಿಡಿಯೋದು ಗೊತ್ತಿರ್ಬೇಕು.

ಸಿನಿಮಾದಲ್ಲಿ ತೋರಿಸೋ ಹಂಗೆ ಬಕೆಟ್ ಚೆಲ್ಲಿದಂಗೆ ಎಲ್ರಿಗೂ ಆಗಲ್ಲ, ಎಷ್ಟೋ ಜನಕ್ಕೆ ತೊಟ್ಟು ತೊಟ್ಟಾಗಿ ಸೋರ್ತಿರುತ್ತೆ. ಹೀಗೆ ಮಾಡಿ, ಬಾತ್‌ರೂಮಿಗೆ ಹೋಗಿ ಮೂತ್ರ ಪೂರ್ತಿ ಖಾಲಿ ಮಾಡಿ, ಒಣಗಿದ ಬಿಳಿ ಕಾಟನ್ ಬಟ್ಟೆ ಇಲ್ಲ ಪ್ಯಾಡ್ ಇಟ್ಕೊಳ್ಳಿ, ಅರ್ಧ ಗಂಟೆ ಮಲಗಿ ಆಮೇಲೆ ಎದ್ದು ನಿಂತು ಕೆಮ್ಮಿ. ಮತ್ತೆ ಒದ್ದೆ ಆಯ್ತು, ಬಿಗಿ ಹಿಡಿದ್ರೂ ನಿಲ್ಲಲ್ಲ, ಮೂತ್ರದ ವಾಸನೆ ಇಲ್ಲ ಅಂದ್ರೆ ಅದು ನೀರ್ಚೀಲದ ನೀರು. ಅನುಮಾನ ಇದ್ರೂ ನೀರೇ ಅನ್ಕೊಂಡು ಹೋಗಿ ತೋರ್ಸಿ, ಅಲ್ಲಿ ಪರೀಕ್ಷೆ ಮಾಡಿ ಅಲ್ಲ ಅಂದ್ರೆ ವಾಪಸ್ ಬಂದ್ರಾಯ್ತು.

ನೀರು ಹೋದ ಟೈಮ್ ಬರೆದಿಡಿ, ಡಾಕ್ಟ್ರು ಮೊದಲು ಕೇಳೋದೇ ಅದು, ಯಾಕಂದ್ರೆ ಚೀಲ ಒಡೆದ ಮೇಲೆ ಹೊತ್ತು ಕಳೆದಂಗೆ ಒಳಗೆ ಸೋಂಕು ಹತ್ತೋ ಭಯ ಜಾಸ್ತಿ. ನೋವು ಬಂದ್ಮೇಲೆ ಹೋಗೋಣ ಅನ್ನೋದು ಬೇಡ. ಒಳಗೆ ಬೆರಳು ಹಾಕಿ ನೋಡೋದು, ಬಟ್ಟೆ ತುರುಕೋದು, ಗಂಡ ಹೆಂಡ್ತಿ ಸೇರೋದು ಯಾವ್ದೂ ಬೇಡ. ಬಣ್ಣ ನೋಡಿ. ನೀರಿನಂಗೆ ಇಲ್ಲ ಒಣ ಹುಲ್ಲಿನಂಗೆ ತಿಳಿ ಹಳದಿ ಬಣ್ಣ ಇದ್ರೆ ಸರಿ. ಹಸಿರು ಇಲ್ಲ ಕಂದು ಇದ್ರೆ ಕೂಸು ಒಳಗೇ ಕಕ್ಕ ಮಾಡಿದೆ ಅಂತ, ಅದು ಅವಸರ. ಕೆಟ್ಟ ವಾಸನೆ, ಜ್ವರ ಇದ್ರೂ ಅವಸರ.

ಇನ್ನೊಂದು ಅಪರೂಪಕ್ಕೆ ಆಗೋದು, ಆದ್ರೆ ಗೊತ್ತಿರ್ಲೇಬೇಕು. ನೀರು ಹೋದ ಮೇಲೆ ಕೆಳಗೆ ಹಗ್ಗದ ಥರ ಏನೋ ಕೈಗೆ ತಾಗಿದ್ರೆ ಅದು ಹೊಕ್ಕಳ ಬಳ್ಳಿ. ಅದನ್ನ ಮುಟ್ಬೇಡಿ, ಒಳಗೆ ನೂಕ್ಬೇಡಿ. ತಾಯಿ ಮಂಡಿ ಊರಿ ಎದೆ ನೆಲಕ್ಕೆ ಹಚ್ಚಿ ಕುಂಡಿ ಮೇಲೆತ್ತಿ ಇರ್ಬೇಕು, ಕೂಸಿನ ತಲೆ ಬಳ್ಳಿನ ಒತ್ತದೆ ಇರ್ಲಿ ಅಂತ, ಪಕ್ಕದಲ್ಲಿರೋರು 108ಕ್ಕೆ ಫೋನ್ ಮಾಡಿ ಬಳ್ಳಿ ಹೊರಗೆ ಬಂದಿದೆ ಅಂತ ಸ್ಪಷ್ಟವಾಗಿ ಹೇಳ್ಬೇಕು.

ಕೂಸಿನ ಮಿಸುಕಾಟ

ಈ ಲೇಖನದಲ್ಲಿ ಬೇರೆಲ್ಲ ಮರೆತ್ರೂ ಇದೊಂದು ಮರೀಬೇಡಿ ಅಂತ ಕೈ ಮುಗಿದು ಕೇಳ್ತೀನಿ.

"ಹೆರಿಗೆ ಹತ್ರ ಬಂದಾಗ ಕೂಸು ಸುಮ್ನಾಗ್ತೈತಿ, ಜಾಗ ಇರಲ್ಲ ಅದಕ್ಕೆ" ಅಂತ ನಮ್ ಕಡೆ ಎಲ್ಲ ಹೇಳ್ತಾರೆ, ನಮ್ಮತ್ತೇನೂ ನನಗೆ ಪ್ರೀತಿಯಿಂದ್ಲೇ ಹೇಳಿದ್ರು. ಅದು ತಪ್ಪು. ಒದೆಯೋ ರೀತಿ ಬದ್ಲಾಗುತ್ತೆ, ಮೊದಲು ಟಪ್ ಅಂತ ಒದೀತಿದ್ದಿದ್ದು ಈಗ ಹೊರಳಿದಂಗೆ, ಒತ್ತಿದಂಗೆ ಅನ್ನಿಸುತ್ತೆ, ಆದ್ರೆ ಎಷ್ಟು ಸಲ ಅನ್ನೋದು ಕಮ್ಮಿ ಆಗ್ಬಾರ್ದು, ನೋವು ಶುರುವಾಗೋ ದಿನದವರೆಗೂ, ಶುರುವಾದ ಮೇಲೂ ಕೂಸು ಮಿಸುಕಾಡ್ತಾನೇ ಇರ್ಬೇಕು.

ನನ್ ಎರಡನೇ ಬಸುರಲ್ಲಿ 38 ವಾರಕ್ಕೆ ಒಂದಿನ ಬೆಳಗ್ಗಿಂದ ಏನೋ ಸಮಾಧಾನ ಇಲ್ಲ, ಮಧ್ಯಾಹ್ನ ಊಟ ಆದ್ಮೇಲೆ ಯಾವಾಗ್ಲೂ ಕುಣಿಯೋ ಕೂಸು ಅವತ್ತು ಒಂದೇ ಒಂದ್ಸಲ ಮೆಲ್ಲಗೆ ಹೊರಳ್ತು. ನೋವಿಲ್ಲ, ರಕ್ತ ಇಲ್ಲ, ನೀರು ಹೋಗಿಲ್ಲ. ಹಿಂದಿನ ವಾರ ಒಂದ್ಸಲ ಸುಳ್ಳು ನೋವಿಗೆ ಹೋಗಿ ಅಲ್ಲಿ ಒಬ್ಬ ಸಿಸ್ಟರ್ ಹತ್ರ "ಸುಮ್ ಸುಮ್ನೆ ಬರ್ತೀರಲ್ಲ" ಅಂತ ಅನ್ನಿಸ್ಕೊಂಡಿದ್ದೆ, ಆ ನಾಚಿಕೆಗೇ ಸಂಜೆವರೆಗೂ ತಡೆದೆ. ಸಂಜೆ ನಮ್ಮನೆಯವರಿಗೆ ಹೇಳಿದ್ದೇ ಅವರು ಒಂದು ಮಾತೂ ಆಡ್ದೆ ಗಾಡಿ ತೆಗೆದ್ರು. ಹೊಟ್ಟೆಗೆ ಬೆಲ್ಟ್ ಕಟ್ಟಿ ಎನ್‌ಎಸ್‌ಟಿ ಅಂತ ಮಾಡ್ತಾರಲ್ಲ ಅದ್ರಲ್ಲಿ ಕೂಸಿನ ಎದೆ ಬಡಿತ ಇಳಿದು ಇಳಿದು ಏಳ್ತಿತ್ತು, ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160 ಇರ್ಬೇಕಾದ್ದು. ಒಂದು ಗಂಟೆಯೊಳಗೆ ಸಿಜೇರಿಯನ್. ಮಗಳು ಈಗ ಅಂಗನವಾಡಿಗೆ ಹೋಗ್ತಾಳೆ. ಆ ಸಂಜೆ ಇನ್ನೊಂದು ರಾತ್ರಿ ನೋಡೋಣ ಅಂದಿದ್ರೆ ಅನ್ನೋದನ್ನ ಯೋಚಿಸೋಕೂ ಆಗಲ್ಲ ನನಗೆ.

ಎಣಿಸೋದು ಹಿಂಗೆ. ದಿನಾ ಒಂದೇ ಹೊತ್ತಲ್ಲಿ, ಊಟ ಆದ್ಮೇಲೆ ಆದ್ರೆ ಒಳ್ಳೇದು, ಟಿವಿ ಮೊಬೈಲ್ ಬದಿಗಿಟ್ಟು ಎಡಕ್ಕೆ ಮಲಗಿ, ಹೊಟ್ಟೆ ಮೇಲೆ ಕೈ ಇಟ್ಟು ಎಣಿಸಿ. ಒದೆತ, ಹೊರಳೋದು, ಒತ್ತೋದು ಎಲ್ಲ ಲೆಕ್ಕಕ್ಕೆ, ಬಿಕ್ಕಳಿಕೆ ಮಾತ್ರ ಬೇಡ. ಎರಡು ಗಂಟೆಯೊಳಗೆ 10 ಸಿಗ್ಬೇಕು, ಸುಮಾರು ಕೂಸುಗಳು ಅರ್ಧ ಗಂಟೇಲೇ ಮುಗಿಸ್ತಾವೆ. ಸಿಗ್ಲಿಲ್ಲ ಅಂದ್ರೆ, ಇಲ್ಲ ದಿನಾ ಇರೋ ರೀತಿಗಿಂತ ಇವತ್ತು ಬೇರೆ ಅಂತ ನಿಮ್ಮ ಮನಸ್ಸಿಗೆ ಅನ್ನಿಸಿದ್ರೂ ಸಾಕು, ಅವತ್ತೇ ಹೋಗಿ, ನಾಳೆ ಅಲ್ಲ. ಬೈತಾರೆ ಅಂತ ನಿಲ್ಬೇಡಿ, ಹತ್ತು ಸಲ ಬೈಸ್ಕೊಂಡ್ರೂ ಪರವಾಗಿಲ್ಲ.

ತಲೆನೋವು, ಊತ, ಕಣ್ಣು ಮಂಜು

ಕಾಲು ಊದೋದು ಕೊನೇ ತಿಂಗಳಲ್ಲಿ ಎಲ್ರಿಗೂ ಇದ್ದದ್ದೇ. ಮುಖ ಊದ್ಕೊಂಡು, ಬಳೆ ಉಂಗುರ ಬಿಗಿಯಾಗಿ, ಜೊತೆಗೆ ಬಿಡದೆ ತಲೆನೋವು, ಕಣ್ಣ ಮುಂದೆ ಮಂಜು ಇಲ್ಲ ಮಿಂಚಿದಂಗೆ, ಬಲಗಡೆ ಪಕ್ಕೆಲುಬು ಕೆಳಗೆ ನೋವು, ವಾಂತಿ, ಇವು ಬಂದ್ರೆ ಬಿಪಿ ಏರಿರ್ಬಹುದು. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿದ್ರೆ ಫಿಟ್ಸ್ ಬರೋವರೆಗೂ ಹೋಗುತ್ತೆ ಅದು. ಬಿಪಿ 140/90 ದಾಟಿದ್ರೆ ಡಾಕ್ಟ್ರು ನೋಡ್ಲೇಬೇಕು, 160/110 ಮುಟ್ಟಿದ್ರೆ ಒಂದು ನಿಮಿಷ ಮನೇಲಿ ಇರೋ ಹಂಗಿಲ್ಲ. ಈ ಬಿಪಿ ಹೆರಿಗೆ ಆದ್ಮೇಲೂ ಏರ್ಬಹುದು, ಬಾಣಂತಿಗೆ ತಲೆನೋವು ಬಂದ್ರೆ ಶೀತ ಆಗಿರ್ಬೇಕು ಅಂತ ತಲೆಗೆ ಬಟ್ಟೆ ಕಟ್ಟಿ ಮಲಗಿಸ್ಬೇಡಿ.

ಅಂಗೈ ಅಂಗಾಲು ರಾತ್ರಿ ಹೊತ್ತು ವಿಪರೀತ ತುರಿಕೆ, ಗುಳ್ಳೆ ಏನೂ ಇಲ್ಲ ಅಂದ್ರೆ ಅದನ್ನೂ ಹೇಳಿ, ಲಿವರ್‌ಗೆ ಸಂಬಂಧ ಇರ್ಬಹುದು, ರಕ್ತ ಪರೀಕ್ಷೆ ಮಾಡ್ತಾರೆ.

ಬ್ಯಾಗು, ಗಾಡಿ, ಫೋನು

36 ವಾರಕ್ಕೇ ಸಿದ್ಧ ಇರ್ಲಿ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ರಕ್ತದ ಗುಂಪಿನ ಚೀಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದು ಕವರಲ್ಲಿ. ಎರಡು ನೈಟಿ, ಪ್ಯಾಡು, ಒಗೆದು ಬಿಸಿಲಿಗೆ ಒಣಗಿಸಿದ ಹಳೇ ಕಾಟನ್ ಸೀರೆ ತುಂಡುಗಳು, ಕೂಸಿಗೆ ಟೋಪಿ, ಫ್ಲಾಸ್ಕು, ಚಾರ್ಜರ್. ಇದಕ್ಕಿಂತ ಜಾಸ್ತಿ ತುಂಬ್ಕೋಬೇಡಿ, ವಾರ್ಡಲ್ಲಿ ಜಾಗ ಇರಲ್ಲ.

ಬ್ಯಾಗಿಗಿಂತ ಮುಖ್ಯ ಯಾವ ಆಸ್ಪತ್ರೆ ಅಂತ ಮೊದಲೇ ಗೊತ್ತಿರೋದು. ಹತ್ರದ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಹೆರಿಗೆ ಮಾಡ್ತಾರಾ, ತಾಲೂಕು ಆಸ್ಪತ್ರೇಲಿ ಸಿಜೇರಿಯನ್ ಮಾಡೋ ಡಾಕ್ಟ್ರು, ಅರಿವಳಿಕೆ ಡಾಕ್ಟ್ರು ರಾತ್ರಿ ಇರ್ತಾರಾ, ಇಲ್ಲ ಸೀದಾ ದಾವಣಗೆರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಗೋ ಹೋಗ್ಬೇಕಾ, ಇದನ್ನ ಆಶಾ ಅಕ್ಕನಿಗೆ ಕೇಳಿ ಬರೆದಿಟ್ಕೊಳ್ಳಿ. ತೊಂದ್ರೆ ಇದೆ ಅಂತ ಗೊತ್ತಿರೋ ಬಸುರಿನ ಮೊದಲು ಒಂದು ಕಡೆ, ಅಲ್ಲಿಂದ ರೆಫರ್, ಅಲ್ಲಿಂದ ಇನ್ನೊಂದು ಕಡೆ ಅಂತ ಸುತ್ತಿಸೋದ್ರಲ್ಲೇ ಹೊತ್ತು ಹೋಗುತ್ತೆ. ಅದೇ ರಕ್ತದ ಗುಂಪಿನ ಇಬ್ಬರ ನಂಬರ್ ಫೋನಲ್ಲಿ ಇರ್ಲಿ.

108 ಆರೋಗ್ಯ ಕವಚ ನಮ್ ರಾಜ್ಯದಲ್ಲಿ 2008ರಿಂದ ಇದೆ, ದುಡ್ಡಿಲ್ಲ. ಫೋನ್ ಮಾಡಿದಾಗ ಊರು, ತಾಲೂಕು, ಪಕ್ಕದಲ್ಲಿ ಗುರ್ತು ಸಿಗೋ ಗುಡಿನೋ ಶಾಲೆನೋ, ಎಷ್ಟನೇ ಹೆರಿಗೆ, ಎಷ್ಟು ವಾರ, ನೋವು ಎಷ್ಟು ನಿಮಿಷಕ್ಕೊಂದು, ನೀರು ಹೋಗಿದ್ಯಾ ರಕ್ತ ಹೋಗಿದ್ಯಾ ಇಷ್ಟು ಹೇಳಿ. ಫೋನ್ ಮಾಡಿದ ಮೇಲೂ ಊರಿನ ಗಾಡಿಯವನಿಗೆ ಒಂದು ಮಾತು ಹೇಳಿಟ್ಟಿರಿ. ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಜೇರಿಯನ್, ಔಷಧಿ, ರಕ್ತ, ಊಟ ಎಲ್ಲ ಉಚಿತ, 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಅದು ತಾಯಿಯ ಹಕ್ಕು, ವಾಪಸ್ ಮನೆಗೆ ಬಿಡೋಕೆ ನಗು ಮಗು ಗಾಡಿ ಅಂತ ಇದೆ, ಕೇಳಿ ತಗೊಳ್ಳಿ.

ಮನೇಲಿ ಮಾಡ್ಬಾರ್ದಿದ್ದು ಎರಡು. ನೋವು ಬರ್ಲಿ ಅಂತ ಹರಳೆಣ್ಣೆ ಕುಡಿಸೋದು ಬೇಡ, ಬೇಧಿ ಹತ್ತಿ ನಿತ್ರಾಣ ಆಗುತ್ತೆ. ಅದಕ್ಕಿಂತ ಅಪಾಯ ಊರಲ್ಲಿ ಯಾರೋ ಬಂದು ನೋವು ಜೋರಾಗೋಕೆ ಸೂಜಿ ಹಾಕೋದು. ಆ ಇಂಜೆಕ್ಷನ್ ಆಸ್ಪತ್ರೇಲಿ ಡ್ರಿಪ್ಪಲ್ಲಿ ತೊಟ್ಟು ಲೆಕ್ಕ ಹಾಕಿ, ಕೂಸಿನ ಬಡಿತ ನೋಡ್ತಾ ಕೊಡೋದು, ಮನೇಲಿ ಒಂದೇ ಸಲ ಚುಚ್ಚಿದ್ರೆ ಗರ್ಭಕೋಶ ಹರಿಯೋ ಸಾಧ್ಯತೆ ಇದೆ.

ಶುರುವಿನ ನೋವಲ್ಲಿ ಗಂಜಿ, ಇಡ್ಲಿ, ಎಳನೀರು ಹಗುರವಾಗಿ ತಗೋಬಹುದು, ಸಿಜೇರಿಯನ್ ಅಂತ ಮೊದಲೇ ತೀರ್ಮಾನ ಆಗಿರೋರು ಮಾತ್ರ ಡಾಕ್ಟ್ರನ್ನ ಕೇಳಿ. ದಾರೀಲೇ ಕೂಸು ಬಂತು ಅಂದ್ರೆ ಎಳೀಬೇಡಿ, ಬಂದಂಗೆ ಕೈಯಲ್ಲಿ ಹಿಡೀರಿ, ಒಣ ಬಟ್ಟೇಲಿ ಒರೆಸಿ ತಾಯಿ ಎದೆ ಮೇಲೆ ಮೈಗೆ ಮೈ ತಾಗೋ ಹಂಗೆ ಮಲಗಿಸಿ ಮೇಲೆ ಹೊದಿಸಿ, ಬಳ್ಳಿನ ಬ್ಲೇಡಲ್ಲಿ ಕೊಯ್ಯೋಕೆ ಹೋಗ್ಬೇಡಿ, ಹಂಗೇ ಆಸ್ಪತ್ರೆಗೆ ನಡೀರಿ.

ವಾಪಸ್ ಕಳಿಸಿದ್ರೆ

ಹೋದಾಗ ಬಿಪಿ, ಕೂಸಿನ ಬಡಿತ, ಒಳ ಪರೀಕ್ಷೆ ಮಾಡ್ತಾರೆ. ಗರ್ಭಕೋಶದ ಬಾಯಿ ಪೂರ್ತಿ 10 ಸೆಂಟಿಮೀಟರ್ ತೆರೀಬೇಕು, 5 ಆಗೋವರೆಗೂ ನಿಧಾನ, ಮೊದಲನೇ ಹೆರಿಗೇಲಿ ಆ ಶುರುವಿನ ಹಂತ ಒಂದು ಹಗಲು ಒಂದು ರಾತ್ರಿ ಹಿಡಿದ್ರೂ ಆಶ್ಚರ್ಯ ಇಲ್ಲ. ಒಂದೋ ಎರಡೋ ಸೆಂಟಿಮೀಟರ್ ಇದೆ, ಮನೆಗೆ ಹೋಗಿ ಬನ್ನಿ ಅನ್ಬಹುದು. ಆಗ ಮೂರು ಮಾತು ಕೇಳಿ, ಕೂಸಿನ ಬಡಿತ ಎಷ್ಟಿದೆ, ಬಾಯಿ ಎಷ್ಟು ತೆರೆದಿದೆ, ಏನಾದ್ರೆ ಮತ್ತೆ ಬರ್ಬೇಕು. ಊರು ದೂರ ಇದ್ರೆ ಅದನ್ನ ಬಾಯಿಬಿಟ್ಟು ಹೇಳಿ, "ಮೇಡಂ ನಮ್ಮೂರು ದೂರ, ರಾತ್ರಿ ಗಾಡಿ ಸಿಗಲ್ಲ" ಅಂತ, ಇಲ್ಲ ಹತ್ರದಲ್ಲಿ ನೆಂಟರ ಮನೇಲಿ ಉಳೀರಿ.

ತಂಗಿಗೆ ನೀರು ಹೋದ ದಿನ ಅವ್ವ ಬಟ್ಟೆ ಇಟ್ಟು ನೋಡಿದ್ಲು, ಅರ್ಧ ಗಂಟೇಲಿ ಮತ್ತೆ ಒದ್ದೆ. ಎಂಟೂಕಾಲಿಗೆ ನೀರು ಹೋಗಿದ್ದು, ಒಂಬತ್ತಕ್ಕೆ ಗಾಡಿ ಹತ್ತಿದ್ರು, ರೊಟ್ಟಿ ಹಿಟ್ಟು ಹಂಗೇ ಪರಾತದಲ್ಲಿ ಬಿಟ್ಟು. ಆಸ್ಪತ್ರೆ ಬಾಗ್ಲಲ್ಲಿ ನಾನು ನಿಂತಿದ್ದೆ, ಇಳಿದವಳೇ ಕೈಯಲ್ಲಿದ್ದ ಕ್ಯಾಲೆಂಡರ್ ಹಾಳೆ ನನ್ ಕೈಗೆ ಕೊಟ್ಲು. 8:15 ನೀರು, ಬಣ್ಣ ಇಲ್ಲ, 9:40 ಮೊದಲ ನೋವು, 9:52, 10:03, ಕೂಸು ಮಿಸುಕಾಡ್ತೈತಿ, ಅಂತ ಪೆನ್ಸಿಲಲ್ಲಿ ಬರೆದಿತ್ತು. ಆ ಹಾಳೆನೇ ಸಿಸ್ಟರ್‌ಗೆ ಕೊಟ್ವಿ.